ಗಣಕದೊಳಗಿನ ನಾದಶಾಲೆ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಊರಿಗೆ ಹೊಂದಿಕೊಂಡ ಗುಡ್ಡದ ಬಂಡೆಯೊಂದರ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕೊರೆದ ಕೆಲವು ಸಾಲುಗಳಿವೆ. ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರನು 1915ರಲ್ಲಿ ಅವುಗಳನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ಅರಸನ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯು ಅಶೋಕನ ಹೆಸರನ್ನು ಹೇಳಿತು. ವಿದ್ವಾಂಸರ ಬಹುಕಾಲದ ಸಂಶಯ ಪರಿಹಾರವಾಯಿತು. ಅಕ್ಷರಕ್ಕೆ ಇರುವ ಶಕ್ತಿ ಅಂಥದು. ಆದರೆ ಆ ಲಿಪಿಯನ್ನು ಅಂದಿನ ಅಧಿಕಾರಿಯು ಜನರ ಮುಂದೆ ಓದಿದಾಗ ಅವನ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾವ ಮಾತಿನ ಬಳಿ ಕ್ಷಣಕಾಲ ನಿಂತಿತು ಎಂಬುದನ್ನು ಬಂಡೆ ಕಾಯ್ದಿಡಲಿಲ್ಲ. ಕಾಯ್ದಿಡುವುದು ಅದರಿಂದ ಸಾಧ್ಯವೂ ಇರಲಿಲ್ಲ.

ಮಸ್ಕಿಗೆ ಸಮೀಪದಲ್ಲಿಯೇ ಸಂತೆಕಲ್ಲೂರು ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿ ಜ್ಞಾನ ಪ್ರದೀಪಿಕೆ’ಯನ್ನು ಬರೆದು, ಒಕ್ಕಲುತನದ ತಿಳಿವಳಿಕೆಯನ್ನು ಗ್ರಂಥರೂಪಕ್ಕೆ ತಂದ ಘನಮಠದ ನಾಗಭೂಷಣ ಶಿವಯೋಗಿಗಳ ಊರು ಇದು. ಬಾಯಿಂದ ಬಾಯಿಗೆ ಹರಿಯುತ್ತಿದ್ದ ರೈತನ ಅನುಭವವು ಹಾಗೆ ಬರವಣಿಗೆಗೆ ಇಳಿದು ಉಳಿಯಿತು. ಹಾಡಿನ ಪಾಡು ಬೇರೆ. ಈ ಸೀಮೆಯಲ್ಲಿ ಭಜನೆಯ ಮೇಳಗಳು ರಾತ್ರಿಯೆಲ್ಲ ತತ್ವಪದಗಳನ್ನು ಹಾಡುವ ರೂಢಿ ಹಳೆಯದು. ಕಡಕೋಳದ ಮಡಿವಾಳಪ್ಪನವರ ಪದಗಳೂ ಶಿಶುನಾಳ ಶರೀಫರ ಪದಗಳೂ ಏಕತಾರಿ, ದಮ್ಮಡಿ, ತಾಳಗಳ ಜೊತೆಯಲ್ಲಿ ಜನರ ನಾಲಗೆಯ ಮೇಲೆ ನಿಂತಿವೆ. ಪಕ್ಕದ ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರು ಕೂಡಿ ಹಾಡುವ ಪದಗಳ ಧಾಟಿಯೇ ಬೇರೆ. ಈ ಹಾಡುಗಳ ಸಾಹಿತ್ಯವನ್ನು ಪುಸ್ತಕದಲ್ಲಿ ಅಚ್ಚು ಮಾಡಬಹುದು, ಮಾಡಿದ್ದಾರೆ ಕೂಡ. ಧಾಟಿಯನ್ನು ಅಚ್ಚು ಮಾಡುವುದು ಹೇಗೆ? ಹಿರಿಯ ಹಾಡುಗಾರನೊಬ್ಬನು ತೀರಿಕೊಂಡರೆ ಅವನ ಪದ ಪುಸ್ತಕದಲ್ಲಿ ಇರುತ್ತದೆ, ಅದನ್ನು ಹಾಡುವ ಬಗೆ ಅವನೊಡನೆ ಹೋಗಿರುತ್ತದೆ.

ನಾದವನ್ನು ಹಿಡಿದಿಡುವ ಯಂತ್ರವನ್ನು ಅಮೆರಿಕದ ಎಡಿಸನ್ 1877ರಲ್ಲಿ ನಿರ್ಮಿಸಿದನು. ತವರದ ತೆಳು ಹಾಳೆಯ ಮೇಲೆ ಸೂಜಿಯು ದನಿಯ ಕಂಪನಕ್ಕೆ ತಕ್ಕಂತೆ ಗೀರು ಎಳೆಯಿತು; ಅದೇ ಗೀರಿನ ಮೇಲೆ ಮತ್ತೆ ಸೂಜಿಯನ್ನು ಓಡಿಸಿದಾಗ ದನಿ ಮರಳಿ ಕೇಳಿಸಿತು. ಮುಂದೆ ಹತ್ತು ವರ್ಷಗಳಲ್ಲಿ ಬರ್ಲಿನರನು ಚಪ್ಪಟೆಯಾದ ತಟ್ಟೆಯ ಗ್ರಾಮಫೋನನ್ನು ರೂಪಿಸಿದನು. 1902ರಲ್ಲಿ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಕಲ್ಕತ್ತಕ್ಕೆ ಬಂದು ಗೌಹರ್ ಜಾನಳ ಗಾಯನವನ್ನು ತಟ್ಟೆಗೆ ಇಳಿಸಿದನು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರು ನಿಮಿಷಗಳಿಗೆ ಒಗ್ಗಿಸಬೇಕಾಯಿತು. ಯಂತ್ರವು ಸಂಗೀತವನ್ನು ಉಳಿಸಿತು ನಿಜ. ಉಳಿಸುವಾಗ ಅದರ ಕೈಕಾಲುಗಳನ್ನು ಮಡಚಿಸಿತು ಎಂಬುದೂ ಅಷ್ಟೇ ನಿಜ. ಉತ್ತರ ಕರ್ನಾಟಕದ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮೊದಲಾದವರ ತಾರುಣ್ಯದ ಕಂಠಗಳು ಇಂದಿಗೂ ಕೇಳಸಿಗುವುದು ಈ ತಟ್ಟೆಗಳ ಪುಣ್ಯದಿಂದಲೇ.

ತರುವಾಯ ಆಯಸ್ಕಾಂತೀಯ ಟೇಪು ಬಂದಿತು. ಟೇಪನ್ನು ಕತ್ತರಿಸಬಹುದು, ಅಂಟಿಸಬಹುದು; ಒಂದೇ ಟೇಪಿನ ಅಗಲದಲ್ಲಿ ಹಲವು ಪಟ್ಟಿಗಳನ್ನು ಮಾಡಿ ಒಂದೊಂದರಲ್ಲಿ ಒಂದೊಂದು ವಾದ್ಯವನ್ನು ಬೇರೆಬೇರೆಯಾಗಿ ತುಂಬಬಹುದು. ಅಮೆರಿಕದ ಲೆಸ್ ಪಾಲ್ ಎಂಬ ಗಿಟಾರ್ ವಾದಕನಿಗಾಗಿ 1957ರಲ್ಲಿ ಎಂಟು ಪಟ್ಟಿಗಳ ಯಂತ್ರವೊಂದು ಸಿದ್ಧವಾಯಿತು. ಇಂಗ್ಲಿಷಿನಲ್ಲಿ ಈ ಪಟ್ಟಿಗಳಿಗೆ ‘ಟ್ರ್ಯಾಕ್’ ಎಂದು ಹೆಸರು. ಇಂಥ ಯಂತ್ರಗಳ ಬೆಲೆ ಬಹಳ. ಆದಕಾರಣ ಅವು ದೊಡ್ಡ ನಗರಗಳ ಸ್ಟುಡಿಯೋಗಳಲ್ಲಿ ಮಾತ್ರ ಇದ್ದವು. ಕನ್ನಡ ಚಿತ್ರಗೀತೆಗಳು ಕೂಡ ಬಹುಕಾಲ ಮದರಾಸಿನಲ್ಲಿಯೇ ಮುದ್ರಣಗೊಳ್ಳುತ್ತಿದ್ದವು. ಹಳ್ಳಿಯ ಹಾಡುಗಾರನಿಗೆ ದೊರೆತದ್ದು ಕ್ಯಾಸೆಟ್ಟು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಕನ್ನಡದ ಭಾವಗೀತೆಗಳು ಮನೆಮನೆಯನ್ನು ಸೇರಿದವು. ಅನಂತರದ ವರ್ಷಗಳಲ್ಲಿ ಭಜನೆ, ಗೀಗೀಪದ, ನಾಟಕದ ಮಾತು ಎಲ್ಲವೂ ಕ್ಯಾಸೆಟ್ಟಿನೊಳಗೆ ಹೊಕ್ಕವು. ಜಾತ್ರೆಯಲ್ಲಿ ಮುದಿಯ ಹಾಡುಗಾರನ ಮುಂದೆ ಟೇಪ್‌ರೆಕಾರ್ಡರನ್ನು ಇಟ್ಟು ಹಾಡಿಸಿಕೊಂಡ ಹತ್ತಾರು ಕ್ಯಾಸೆಟ್ಟುಗಳು ಈಗಲೂ ಹಳ್ಳಿಯ ಮಾಡಗಳಲ್ಲಿ, ಟ್ರಂಕುಗಳಲ್ಲಿ ಬಿದ್ದಿರುವುದುಂಟು. ಅವುಗಳ ಮೇಲೆ ಬೂಷ್ಟು ಹಿಡಿಯುತ್ತಿದೆ. ಟೇಪಿನ ಮೇಲಿನ ಲೇಪ ಉದುರುತ್ತಿದೆ. ಬಹುಪಾಲು ಕ್ಯಾಸೆಟ್ಟುಗಳ ಮೇಲೆ ಹಾಡಿದವರ ಹೆಸರು ಕೂಡ ಇಲ್ಲ.

ಇಂದು ಮದರಾಸಿನ ಆ ಸ್ಟುಡಿಯೋ, ಅದರ ಟೇಪು, ಕತ್ತರಿ, ಅಂಟು, ಗುಂಡಿಗಳಿಂದ ತುಂಬಿದ ದೊಡ್ಡ ಮೇಜು ಎಲ್ಲವೂ ಒಂದು ಸಾಧಾರಣ ಗಣಕಯಂತ್ರದೊಳಗೆ ಅಡಗಿವೆ. ಇದನ್ನು ಸಾಧ್ಯಗೊಳಿಸುವ ತಂತ್ರಾಂಶಕ್ಕೆ ‘ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್’ ಎಂದು ಹೆಸರು. ಕನ್ನಡದಲ್ಲಿ ನಾದಶಾಲೆ ಎನ್ನಬಹುದು. ಅದರ ಒಳಗುಟ್ಟು ಇಷ್ಟೆ: ಮೈಕು ದನಿಯನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುತ್ತದೆ, ಆ ಅಲೆಯ ಎತ್ತರವನ್ನು ಯಂತ್ರವು ಒಂದು ಸೆಕೆಂಡಿಗೆ ಹಲವು ಸಾವಿರ ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ಪ್ರತಿಯೊಂದು ಅಳತೆಗೂ 65,536 ಮೆಟ್ಟಿಲುಗಳು. ಈಗಿನ ನಾದಶಾಲೆಗಳಲ್ಲಿ ಸಾಮಾನ್ಯವಾಗಿ 48,000 ಅಳತೆಗಳನ್ನು ತೆಗೆದುಕೊಂಡು, ಮೆಟ್ಟಿಲುಗಳನ್ನು ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೀರಿ ಹೆಚ್ಚಿಸುತ್ತಾರೆ. ಪಿಸುಮಾತಿನಂಥ ದನಿಯೂ ಕಳೆದುಹೋಗಬಾರದೆಂಬುದು ಇದರ ಉದ್ದೇಶ.

ಇಂಥ ತಂತ್ರಾಂಶಗಳು ಒಂದೆರಡಲ್ಲ. ಅಮೆರಿಕದ ಒಂದು ಸಂಸ್ಥೆ 1989ರಲ್ಲಿ ‘ಸೌಂಡ್ ಟೂಲ್ಸ್’ ಎಂಬುದನ್ನು ಹೊರತಂದು, 1991ರಲ್ಲಿ ಅದನ್ನೇ ನಾಲ್ಕು ಪಟ್ಟಿಗಳ ‘ಪ್ರೊ ಟೂಲ್ಸ್’ ಆಗಿ ಬೆಳೆಸಿತು. ಚಲನಚಿತ್ರದ ದೊಡ್ಡ ಸ್ಟುಡಿಯೋಗಳಲ್ಲಿ ಇಂದಿಗೂ ಅದರದೇ ಬಳಕೆ ಹೆಚ್ಚು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1989ರಲ್ಲಿ ಹುಟ್ಟಿದ ‘ಕ್ಯೂಬೇಸ್’ ಮೊದಲಿಗೆ ದನಿಯನ್ನು ಮುದ್ರಿಸುತ್ತಲೇ ಇರಲಿಲ್ಲ. ಯಾವ ಮನೆಯನ್ನು ಯಾವಾಗ ಒತ್ತಬೇಕೆಂಬ ಸೂಚನೆಗಳನ್ನಷ್ಟೇ ಬರೆದುಕೊಂಡು ವಿದ್ಯುತ್ ವಾದ್ಯಗಳನ್ನು ನುಡಿಸುತ್ತಿತ್ತು. ಜರ್ಮನಿಯದೇ ಆದ ‘ಲಾಜಿಕ್’ 2002ರಲ್ಲಿ ಆಪಲ್ ಸಂಸ್ಥೆಯ ಪಾಲಾಯಿತು. ಆ ಸಂಸ್ಥೆಯ ಯಂತ್ರಗಳಲ್ಲಿ ಮಾತ್ರ ಅದು ನಡೆಯುತ್ತದೆ. ಬೆಲ್ಜಿಯಮ್ಮಿನಲ್ಲಿ 1997ರಲ್ಲಿ ತಾಳದ ತುಣುಕುಗಳನ್ನು ಜೋಡಿಸುವ ಸಣ್ಣ ಆಟಿಕೆಯಂತೆ ಆರಂಭವಾದುದು ಇಂದಿನ ‘ಎಫ್‌ಎಲ್ ಸ್ಟುಡಿಯೋ’. ಬರ್ಲಿನ್ನಿನ ‘ಏಬಲ್‌ಟನ್ ಲೈವ್’ 2001ರಲ್ಲಿ ವೇದಿಕೆಯ ಮೇಲೆ ನಿಂತು ನುಡಿಸುವವರಿಗಾಗಿ ಹುಟ್ಟಿತು. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 2000ದಲ್ಲಿ ಹೊರಬಂದ ‘ಆಡಾಸಿಟಿ’ಗೆ ಬೆಲೆಯೇ ಇಲ್ಲ, ಯಾರು ಬೇಕಾದರೂ ಪಡೆಯಬಹುದು, ಅದರ ಒಳಗಿನ ಬರವಣಿಗೆಯನ್ನು ತಿದ್ದಲೂಬಹುದು. 2006ರಲ್ಲಿ ಪೂರ್ಣರೂಪಕ್ಕೆ ಬಂದ ‘ರೀಪರ್’ ಅಲ್ಪ ಬೆಲೆಯದು. ‘ಆರ್ಡರ್’ ಎಂಬುದೊಂದು ಆಡಾಸಿಟಿಯಂತೆಯೇ ಮುಕ್ತವಾದುದು.

ಸಂತೆಯಲ್ಲಿ ಎತ್ತು ಕೊಳ್ಳುವವನು ಕೊಂಬಿಗೆ ಬಳಿದ ಬಣ್ಣವನ್ನಾಗಲಿ ಕೊರಳ ಗೆಜ್ಜೆಯನ್ನಾಗಲಿ ನೋಡಿ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ನಡೆಸಿ ಕಾಲು ನೋಡುತ್ತಾನೆ. ತನ್ನ ಹೊಲ ಎರೆಯೋ ಮಸಾರಿಯೋ ಎಂಬುದು ಅವನ ಮನಸ್ಸಿನಲ್ಲಿ ಇರುತ್ತದೆ. ನಾದಶಾಲೆಯ ಮಾತೂ ಹೀಗೆಯೇ. ಇದರಲ್ಲಿ ಸಾವಿರ ವಾದ್ಯಗಳಿವೆ, ಅದರಲ್ಲಿ ಎರಡು ಸಾವಿರ ಎಂಬುದು ಕೊರಳ ಗೆಜ್ಜೆಯ ಲೆಕ್ಕ. ಹೊಲ ಯಾವುದು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಸಂತೆಕಲ್ಲೂರಿನ ಒಂದು ಭಜನೆಯ ಮೇಳವನ್ನೇ ಕಲ್ಪಿಸಿಕೊಳ್ಳೋಣ. ಮುಂದೆ ಹಾಡುವವನು ಒಬ್ಬ. ಅವನ ಕೈಯಲ್ಲಿ ಏಕತಾರಿ. ಹಿಂದೆ ದನಿಗೂಡಿಸುವವರು ಮೂವರು. ಒಂದು ದಮ್ಮಡಿ, ಒಂದು ಜೊತೆ ತಾಳ, ಒಂದು ಹಾರ್ಮೋನಿಯಂ. ಈ ಮೇಳದ ಹಾಡನ್ನು ಅದಿರುವಂತೆಯೇ ಹಿಡಿದಿಡಬೇಕಾಗಿದೆ. ಯಾವ ನಾದಶಾಲೆ ಒಪ್ಪೀತು?

ಮೊದಲನೆಯದಾಗಿ, ಈ ಜನ ಒಬ್ಬರನ್ನೊಬ್ಬರು ನೋಡುತ್ತ, ಕೇಳುತ್ತ ಹಾಡುವವರು. ಮುಂದಿನವನು ಸಾಲನ್ನು ಎಲ್ಲಿ ಬಿಡುತ್ತಾನೆಂಬುದು ಅವನ ಹುಬ್ಬಿನಿಂದಲೇ ಹಿಂದಿನವರಿಗೆ ತಿಳಿಯುತ್ತದೆ. ನಗರದ ಸ್ಟುಡಿಯೋಗಳ ಪದ್ಧತಿಯಂತೆ ಇಂದು ದಮ್ಮಡಿ, ನಾಳೆ ಹಾರ್ಮೋನಿಯಂ, ನಾಡಿದ್ದು ಕಂಠ ಎಂದು ಬಿಡಿಬಿಡಿಯಾಗಿ ಮುದ್ರಿಸಿದರೆ ಪ್ರತಿಯೊಂದೂ ಸ್ವಚ್ಛವಾಗಿ ಬರುತ್ತದೆ, ಮೇಳ ಮಾತ್ರ ಸತ್ತುಹೋಗುತ್ತದೆ. ಆದುದರಿಂದ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ನಾಲ್ಕಾರು ಮೈಕುಗಳನ್ನು ಇಟ್ಟು, ಒಂದೊಂದನ್ನೂ ಒಂದೊಂದು ಪಟ್ಟಿಗೆ ಏಕಕಾಲದಲ್ಲಿ ತೆಗೆದುಕೊಳ್ಳಬೇಕು. ಒಬ್ಬನೇ ಮಾತನಾಡುವುದನ್ನು ಮುದ್ರಿಸಲು, ಹಳೆಯ ಕ್ಯಾಸೆಟ್ಟನ್ನು ಇಳಿಸಿಕೊಳ್ಳಲು ಆಡಾಸಿಟಿಯಷ್ಟು ಸರಳವಾದುದು ಬೇರೊಂದಿಲ್ಲ. ಹಲವು ಮೈಕುಗಳನ್ನು ಒಮ್ಮೆಗೇ ಹಿಡಿಯುವ ಕೆಲಸಕ್ಕಾದರೆ ರೀಪರ್, ಆರ್ಡರ್, ಕ್ಯೂಬೇಸ್, ಪ್ರೊ ಟೂಲ್ಸ್‌ಗಳು ಅದಕ್ಕಿಂತ ಮೇಲು. ತಾಳದ ತುಣುಕುಗಳಿಂದ ಹಾಡು ಕಟ್ಟುವುದಕ್ಕಾಗಿ ಹುಟ್ಟಿದ ಎಫ್‌ಎಲ್ ಸ್ಟುಡಿಯೋವಿನಲ್ಲಿ ಇದೂ ಸಾಧ್ಯ. ಆದರೆ ಗಾಡಿಯ ಎತ್ತನ್ನು ಕುಂಟೆಗೆ ಹೂಡಿದಂತೆ ಆದೀತು.

ಇಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಹಾಡುಗಾರನ ದನಿ ಗಣಕದೊಳಗೆ ಹೋಗಿ, ಮರಳಿ ಅವನ ಕಿವಿಗೆ ಹಾಕಿದ ಹೆಡ್‌ಫೋನಿಗೆ ಬರುವಷ್ಟರಲ್ಲಿ ಸ್ವಲ್ಪ ವಿಳಂಬವಾಗುತ್ತದೆ. ಗಣಕವು ಅಳತೆಗಳನ್ನು ಒಂದೊಂದಾಗಿ ಒಯ್ಯದೆ ಮೂಟೆ ಕಟ್ಟಿ ಒಯ್ಯುವುದೇ ಇದಕ್ಕೆ ಕಾರಣ. ಮೂಟೆಯೊಂದರಲ್ಲಿ 1,024 ಅಳತೆಗಳಿದ್ದರೆ, ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಸುಮಾರು 21 ಮಿಲಿಸೆಕೆಂಡು ತಡ. ಗಾಳಿಯಲ್ಲಿ ನಾದವು ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಅಂದರೆ ಏಳು ಮೀಟರಿಗೂ ಆಚೆ, ಅಂಗಳದ ಆ ತುದಿಯಲ್ಲಿ ನಿಂತವನ ದನಿ ಕೇಳಿದಂತಾಯಿತು. ತನ್ನ ದನಿಯೇ ಅಂಗಳದಾಚೆಯಿಂದ ಬಂದರೆ ಯಾರು ತಾನೆ ಲಯ ತಪ್ಪದೆ ಹಾಡಿಯಾರು? ಮೂಟೆಯನ್ನು 256ಕ್ಕೆ ಇಳಿಸಿದರೆ ತಡವು ಐದು ಮಿಲಿಸೆಕೆಂಡಿನಷ್ಟಾಗುತ್ತದೆ. ಎರಡು ಮೀಟರಿನೊಳಗೆ ಕುಳಿತ ಜೊತೆಗಾರನ ದೂರ ಅದು. ಬಡಕಲು ಗಣಕಕ್ಕೆ ಸಣ್ಣ ಮೂಟೆಗಳನ್ನು ಅವಸರವಾಗಿ ಹೊರುವ ತ್ರಾಣ ಇರುವುದಿಲ್ಲ. ಹಾಡು ನಡುನಡುವೆ ಚಟಪಟ ಎನ್ನುತ್ತದೆ. ಹಳೆಯ ಯಂತ್ರದ ಮೇಲೆಯೂ ಹಗುರವಾಗಿ ನಡೆಯುವ ಗುಣ ರೀಪರಿಗೆ ಇರುವುದರಿಂದ ಹಳ್ಳಿಗೆ ಅದು ಒಗ್ಗುತ್ತದೆ. ಎಲ್ಲರೂ ಎದುರುಬದುರು ಕುಳಿತು, ಹೆಡ್‌ಫೋನಿನ ಹಂಗೇ ಇಲ್ಲದೆ ಹಾಡಿದರೆ ಈ ತೊಡಕೇ ಇಲ್ಲವೆಂಬುದನ್ನೂ ಹೇಳಬೇಕು.

ಎರಡನೆಯದು ಲಯದ ಮಾತು. ಬಹುಪಾಲು ನಾದಶಾಲೆಗಳನ್ನು ತೆರೆದೊಡನೆ ಕಾಣುವುದು ಸಮನಾದ ಗೆರೆಗಳ ಒಂದು ಜಾಲ. ನಿಮಿಷಕ್ಕೆ 120 ಪೆಟ್ಟು, ನಾಲ್ಕು ನಾಲ್ಕರ ಗುಂಪು ಎಂದು ತಂತ್ರಾಂಶವು ತಾನೇ ಭಾವಿಸಿಕೊಂಡು ಕುಳಿತಿರುತ್ತದೆ. ಯಾಂತ್ರಿಕ ತಾಳದ ಕುಣಿತದ ಹಾಡಿಗೆ ಈ ಜಾಲ ಹಿತ. ಭಜನೆಯ ಪದ ಹಾಗಲ್ಲ. ಅದು ತಾಳವಿಲ್ಲದ ಆಲಾಪದಿಂದ ಮೊದಲಾಗಿ, ಪಲ್ಲವಿಯಲ್ಲಿ ನಿಧಾನವಾಗಿ ಕಾಲೂರಿ, ಕೊನೆಯ ನುಡಿ ಬರುವಷ್ಟರಲ್ಲಿ ಓಡುತ್ತಿರುತ್ತದೆ. ಹಾಡುಗಾರನು ತಪ್ಪಿ ಓಡುವುದಲ್ಲ. ಓಡುವುದೇ ಅದರ ಧಾಟಿ. ಇಂಥ ಹಾಡಿನ ಪೆಟ್ಟುಗಳನ್ನು ಹಿಡಿದು ಜಾಲದ ಗೆರೆಗಳಿಗೆ ಎಳೆದು ಕೂರಿಸುವ ಸೌಕರ್ಯ ಬಹುಪಾಲು ತಂತ್ರಾಂಶಗಳಲ್ಲಿ ಇದೆ. ಕೆಲವು ಯುವಕರು ಅದನ್ನು ತಿದ್ದುಪಡಿ ಎಂದು ಬಗೆಯುತ್ತಾರೆ. ಅದು ತಿದ್ದುಪಡಿಯಲ್ಲ. ಏಬಲ್‌ಟನ್ ಲೈವ್ ತುಣುಕುಗಳನ್ನು ಒಂದೇ ಲಯಕ್ಕೆ ಹಿಗ್ಗಿಸಿ ಕುಗ್ಗಿಸುವುದರಲ್ಲಿ ನಿಸ್ಸೀಮ. ಆ ಕಾರಣದಿಂದಲೇ ಭಜನೆಯ ಮುದ್ರಣಕ್ಕೆ ಕೈಹಾಕುವವನು ಅಲ್ಲಿ ಹೆಚ್ಚು ಎಚ್ಚರದಿಂದ ಇರಬೇಕು. ಕ್ಯೂಬೇಸ್, ಲಾಜಿಕ್, ಪ್ರೊ ಟೂಲ್ಸ್, ರೀಪರುಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಏರ್ಪಾಡು ಒಂದುಂಟು: ಹಾಡನ್ನು ಜಾಲಕ್ಕೆ ಬಗ್ಗಿಸುವ ಬದಲು ಜಾಲವನ್ನೇ ಹಾಡಿಗೆ ತಕ್ಕಂತೆ ಬಗ್ಗಿಸಬಹುದು. ಹಾಡು ಓಡಿದಲ್ಲಿ ಗೆರೆಗಳು ಒತ್ತಾಗುತ್ತವೆ, ನಿಧಾನಿಸಿದಲ್ಲಿ ಅಗಲವಾಗುತ್ತವೆ. ಅಥವಾ ಜಾಲವನ್ನು ಮುಚ್ಚಿಬಿಡಬಹುದು. ಮೇಳದ ಮಟ್ಟಿಗೆ ಮುಚ್ಚುವುದೇ ಲೇಸು.

ಮೂರನೆಯದು ಸ್ವರ. ಇದರಲ್ಲಿ ಅಪಾಯ ಹೆಚ್ಚು. ಆದುದರಿಂದ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಷಡ್ಜವು ಸೆಕೆಂಡಿಗೆ 240 ಕಂಪನಗಳದೆಂದು ಇಟ್ಟುಕೊಳ್ಳೋಣ. ಏಕತಾರಿಯ ಶ್ರುತಿಗೆ ಕಿವಿಗೊಟ್ಟು ಹಾಡುವವನ ಗಾಂಧಾರವು ಷಡ್ಜಕ್ಕೆ ಐದಕ್ಕೆ ನಾಲ್ಕರ ಪ್ರಮಾಣದಲ್ಲಿ, ಎಂದರೆ 300 ಕಂಪನಗಳಲ್ಲಿ ನಿಲ್ಲುತ್ತದೆ. ಹಾರ್ಮೋನಿಯಮ್ಮಿನ ಮನೆಗಳಾದರೋ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದವು. ಅಲ್ಲಿ ಗಾಂಧಾರವು 302ಕ್ಕಿಂತ ತುಸು ಮೇಲೆ ಬೀಳುತ್ತದೆ. ವ್ಯತ್ಯಾಸ ಎರಡು ಚಿಲ್ಲರೆ ಕಂಪನ ಮಾತ್ರ; ಆದರೆ ಪಳಗಿದ ಕಿವಿಗೆ ಅದು ಕಾಲಿಗೆ ಚುಚ್ಚಿದ ಮುಳ್ಳಿನಂತೆ. ಹಾರ್ಮೋನಿಯಮ್ಮಿನಲ್ಲಿ ಭಾರತೀಯ ಸಂಗೀತದ ಜಾರು, ಶ್ರುತಿಗಳು ನುಡಿಯಲಾರವೆಂಬ ವಾದದ ಬಲದಿಂದ ಆಕಾಶವಾಣಿಯು 1940ರಲ್ಲಿ ಆ ವಾದ್ಯವನ್ನೇ ಬಹಿಷ್ಕರಿಸಿತ್ತು. 1971ರವರೆಗೆ ಆ ನಿಷೇಧ ಸಡಿಲವಾಗಲಿಲ್ಲ.

ಅಂದು ಒಂದು ವಾದ್ಯದ ಬಗ್ಗೆ ಅಷ್ಟು ವಾದ ನಡೆಯಿತು. ಇಂದು ಅದೇ ಹನ್ನೆರಡು ಮನೆಗಳು ತಂತ್ರಾಂಶದ ರೂಪದಲ್ಲಿ ಹಾಡುಗಾರನ ಕಂಠದೊಳಕ್ಕೇ ಇಳಿದಿವೆ, ಯಾರೂ ಗಮನಿಸುತ್ತಿಲ್ಲ. 1997ರಲ್ಲಿ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ವಿಜ್ಞಾನಿಯು ‘ಆಟೋ ಟ್ಯೂನ್’ ಎಂಬ ಸಲಕರಣೆಯನ್ನು ಹೊರತಂದನು. ಆತ ಅದಕ್ಕೆ ಮೊದಲು ನೆಲದೊಳಕ್ಕೆ ನಾದದ ಅಲೆಗಳನ್ನು ಕಳುಹಿಸಿ, ಮರಳಿ ಬಂದ ಮಾರ್ದನಿಯಿಂದ ಎಣ್ಣೆಯ ನಿಕ್ಷೇಪಗಳನ್ನು ಗುರುತಿಸುವ ಕೆಲಸದಲ್ಲಿದ್ದವನು. ನೆಲದ ಮಾರ್ದನಿಯನ್ನು ಬಿಡಿಸುವ ಗಣಿತವೇ ಕಂಠದ ಸ್ವರವನ್ನು ಗುರುತಿಸಲಿಕ್ಕೂ ಒದಗಿತು. ದನಿ ಸ್ವಸ್ಥಾನದಿಂದ ಜಾರಿದೆಯೆಂದು ಕಂಡ ಕೂಡಲೆ ಈ ಸಲಕರಣೆ ಅದನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಹಾಡಲು ಬಾರದವನಿಗೆ ಇದು ಊರುಗೋಲು. ಬಲ್ಲವನಿಗೆ? ನಮ್ಮ ಹಾಡುಗಾರನು ರಿಷಭದಿಂದ ಗಾಂಧಾರಕ್ಕೆ ಮೆಟ್ಟಿಲು ಹತ್ತಿದಂತೆ ಹೋಗುವುದಿಲ್ಲ. ತೂಗುಯ್ಯಾಲೆಯಂತೆ ಜೀಕಿಕೊಂಡು ಹೋಗುತ್ತಾನೆ. ಹಿಂದೂಸ್ಥಾನಿಯವರು ಅದನ್ನು ಮೀಂಡ್ ಎನ್ನುತ್ತಾರೆ. ಯಂತ್ರದ ಕಣ್ಣಿಗೆ ಆ ಜೀಕು ಅಪಸ್ವರಗಳ ಒಂದು ಸಾಲು. ಅದನ್ನು ತುಂಡರಿಸಿ ಮೆಟ್ಟಿಲು ಮಾಡಿಬಿಡುತ್ತದೆ. ವಚನಗಳನ್ನೂ ದಾಸರ ಪದಗಳನ್ನೂ ಹಿಂದೂಸ್ಥಾನಿ ರಾಗಗಳಲ್ಲಿ ಹಾಡಿ ಹೆಸರಾದ ರಾಯಚೂರು ಸೀಮೆಯ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಗಾಯನವನ್ನು ಈ ಯಂತ್ರದ ಕೈಗೆ ಕೊಟ್ಟರೆ ಉಳಿಯುವುದು ರಾಗದ ಎಲುಬಿನ ಗೂಡು ಮಾತ್ರ.

ತಂತ್ರಾಂಶಗಳ ಹೋಲಿಕೆಯಲ್ಲಿ ಈ ಅಂಶವನ್ನು ವಿಶೇಷವಾಗಿ ನೋಡಬೇಕು. ಕ್ಯೂಬೇಸ್, ಲಾಜಿಕ್, ರೀಪರುಗಳಲ್ಲಿ ಸ್ವರ ತಿದ್ದುವ ಸಲಕರಣೆ ಜೊತೆಯಲ್ಲಿಯೇ ಬರುತ್ತದೆ. ಎಫ್‌ಎಲ್ ಸ್ಟುಡಿಯೋವಿನ ಕೆಲವು ಆವೃತ್ತಿಗಳಲ್ಲಿಯೂ ಇದೆ. ಜರ್ಮನಿಯ ‘ಮೆಲೊಡೈನ್’ ಎಂಬುದು ಪ್ರತ್ಯೇಕವಾಗಿ ಕೊಂಡು ಸೇರಿಸಿಕೊಳ್ಳುವಂಥದು. ಯಾವುದನ್ನು ಬಳಸಿದರೂ ಕೇಳಬೇಕಾದ ಪ್ರಶ್ನೆ ಒಂದೇ: ತಿದ್ದಬೇಕಾದ ಒಂದೇ ಒಂದು ಸ್ವರವನ್ನು ಮಾತ್ರ ಮುಟ್ಟಿ, ಉಳಿದ ಹಾಡನ್ನು ಹಾಗೆಯೇ ಬಿಡಲು ಬರುತ್ತದೆಯೇ? ಬರುವುದಾದರೆ ಅದು ಬಳಸತಕ್ಕದ್ದು. ಇಡೀ ಹಾಡನ್ನು ಒಮ್ಮೆಗೇ ಬಾಣಲೆಗೆ ಹಾಕುವುದಾದರೆ ಬೇಡ. ಮೇಳದಲ್ಲಿ ಇನ್ನೊಂದು ತಾಪತ್ರಯವೂ ಇದೆ. ಮುಂದಿನವನ ಮೈಕಿನಲ್ಲಿ ಹಿಂದಿನವರ ದನಿಯೂ ದಮ್ಮಡಿಯ ಪೆಟ್ಟೂ ಅಷ್ಟಿಷ್ಟು ಸೇರಿಯೇ ಇರುತ್ತದೆ. ಒಬ್ಬನ ಸ್ವರವನ್ನು ಎಳೆದರೆ ಉಳಿದವರೂ ಜೊತೆಯಲ್ಲಿ ಎಳೆಯಲ್ಪಡುತ್ತಾರೆ. ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು: ಒಟ್ಟಿಗೆ ಕುಳಿತು ಹಾಡಿದ ಹಾಡು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಹಳೆಯ ಕ್ಯಾಸೆಟ್ಟುಗಳ ವಿಷಯ ಬೇರೆ. ಅಲ್ಲಿ ಹಾಡು ಆಗಲೇ ಮುಗಿದುಹೋಗಿದೆ. ಸುಯ್ಯೆನ್ನುವ ಟೇಪಿನ ಸದ್ದನ್ನು ಕಳೆಯುವುದಷ್ಟೇ ಉಳಿದ ಕೆಲಸ. ಆಡಾಸಿಟಿಯಲ್ಲಿ ಇದಕ್ಕೆ ಸುಲಭವಾದ ವಿಧಾನವಿದೆ. ಹಾಡಿಲ್ಲದ, ಬರಿಯ ಸುಯ್ಯೆನ್ನುವ ಒಂದೆರಡು ಸೆಕೆಂಡುಗಳ ಭಾಗವನ್ನು ತೋರಿಸಿ ‘ಇದು ಸದ್ದು’ ಎಂದು ತಂತ್ರಾಂಶಕ್ಕೆ ಕಲಿಸಬೇಕು. ಬಳಿಕ ಇಡೀ ಮುದ್ರಣದಿಂದ ಆ ಬಗೆಯ ಸದ್ದನ್ನು ಅದು ತಗ್ಗಿಸುತ್ತದೆ. ಇಲ್ಲಿ ಒಂದು ಮೋಸ ಕಾದಿರುತ್ತದೆ. ಹಾಡುಗಾರನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಏಕತಾರಿಯನ್ನು ಮೀಟಲಾರಂಭಿಸಿರುತ್ತಾನಲ್ಲವೆ? ಆ ಭಾಗವನ್ನು ತೋರಿಸಿದರೆ ಏಕತಾರಿಯ ಎಡೆಬಿಡದ ನಾದವೂ ಸದ್ದೇ ಎಂದು ಯಂತ್ರ ಕಲಿಯುತ್ತದೆ. ಹಾಡಿನ ಬೆನ್ನೆಲುಬಾದ ಶ್ರುತಿಯನ್ನೇ ತೊಳೆದುಹಾಕುತ್ತದೆ. ತಾಳದ ಕಿಣಿಕಿಣಿಯೂ ದಮ್ಮಡಿಯ ಗೆಜ್ಜೆಯ ಸದ್ದೂ ಟೇಪಿನ ಸುಯ್ಯಿಗೆ ಹತ್ತಿರದ ಎತ್ತರದಲ್ಲಿಯೇ ಇರುವುದರಿಂದ ಅವೂ ಮಂಕಾಗುತ್ತವೆ. ಸ್ವಲ್ಪ ಸುಯ್ಯೆಂದರೂ ಚಿಂತೆಯಿಲ್ಲ, ಹಾಡು ಉಸಿರಾಡುತ್ತಿರಲಿ ಎಂಬುದು ಈ ಕೆಲಸದಲ್ಲಿ ನುರಿತವರ ನಿಲುವು. ತೊಳೆಯದ ಮೂಲಪ್ರತಿಯನ್ನು ಬೇರೆಯಾಗಿ ಎತ್ತಿಡುವುದಂತೂ ಕಡ್ಡಾಯ.

ಮೂಲವನ್ನು ಕೆಡಿಸದೆ ತಿದ್ದುವ ಗುಣವು ಎಲ್ಲ ತಂತ್ರಾಂಶಗಳಲ್ಲಿಯೂ ಒಂದೇ ಬಗೆಯಾಗಿ ಇರಲಿಲ್ಲ. ರೀಪರ್, ಕ್ಯೂಬೇಸ್ ಮೊದಲಾದವು ಮುದ್ರಿಸಿದ ದನಿಯನ್ನು ಮುಟ್ಟುವುದೇ ಇಲ್ಲ. ‘ಇಲ್ಲಿ ಕತ್ತರಿಸು, ಇಲ್ಲಿ ತಗ್ಗಿಸು’ ಎಂಬ ಸೂಚನೆಗಳನ್ನು ಪ್ರತ್ಯೇಕವಾಗಿ ಬರೆದಿಟ್ಟು, ನುಡಿಸುವಾಗ ಮಾತ್ರ ಅವುಗಳನ್ನು ಪಾಲಿಸುತ್ತವೆ. ಆಡಾಸಿಟಿಯಾದರೋ ಬಹುಕಾಲ ದನಿಯನ್ನೇ ನೇರವಾಗಿ ತಿದ್ದಿ ಬರೆಯುತ್ತಿತ್ತು. 2022ರ ಆವೃತ್ತಿಯಿಂದ ಅದರಲ್ಲಿಯೂ ನುಡಿಸುತ್ತಿರುವಾಗಲೇ ಬದಲಾಯಿಸಬಹುದಾದ ಪರಿಷ್ಕಾರಗಳು ಬಂದಿವೆ. ಪಾಟಿಯ ಮೇಲೆ ಅಳಿಸಿ ಬರೆಯುವುದಕ್ಕೂ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಹಾಕುವುದಕ್ಕೂ ಇರುವ ಭೇದ ಇದು.

ಬೆಲೆಯ ಮಾತಿಗೆ ಹೆಚ್ಚು ಸಮಯ ಬೇಕಿಲ್ಲ. ಆಡಾಸಿಟಿ ಉಚಿತ, ಪ್ರೊ ಟೂಲ್ಸ್‌ನ ಪೂರ್ಣರೂಪಕ್ಕೆ ವರ್ಷವರ್ಷವೂ ಚಂದಾ ಕಟ್ಟುವ ಪದ್ಧತಿಯಿದೆ, ರೀಪರನ್ನು ಅರವತ್ತು ದಿನ ಉಚಿತವಾಗಿ ಪರೀಕ್ಷಿಸಿ ನೋಡಿ ಬಳಿಕ ಹಣ ಕೊಡಬಹುದು. ಕದ್ದ ಪ್ರತಿಗಳೂ ಪೇಟೆಯಲ್ಲಿ ಸಿಗುತ್ತವೆ. ಉಚಿತವಾದುದು ಕಣ್ಣೆದುರಿಗೇ ಇರುವಾಗ ಕಳ್ಳಮಾಲಿಗೆ ಕೈಚಾಚುವುದು ನಾಚಿಕೆಗೇಡು.

ಬೆಲೆಗಿಂತ ಮುಖ್ಯವಾದ ಮತ್ತೊಂದು ಗುಣವನ್ನು ಜಾಹೀರಾತುಗಳು ಹೇಳುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವನ್ನು ಧಾರೆಯೆರೆದುದು ನಾಡಿಗೆಲ್ಲ ತಿಳಿದ ಸಂಗತಿ. ಗುರುಗಳಿಬ್ಬರೂ ಸ್ವತಃ ಅಂಧರು. ಕಣ್ಣಿಲ್ಲದ ಗಾಯಕನು ತನ್ನ ಹಾಡನ್ನು ತಾನೇ ಮುದ್ರಿಸಿ ತಿದ್ದಿಕೊಳ್ಳಬಲ್ಲನೆ? ಪರದೆಯ ಮೇಲಿನ ಅಲೆಗಳನ್ನು, ಬಣ್ಣದ ಗುಂಡಿಗಳನ್ನು ನೋಡಿಯೇ ನಡೆಸಬೇಕಾದ ತಂತ್ರಾಂಶ ಅವನಿಗೆ ನಿರುಪಯೋಗಿ. ರೀಪರಿಗೆ ‘ಒಸಾರಾ’ ಎಂಬ ಉಚಿತ ಪೂರಕವನ್ನು ಸೇರಿಸಿದರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ, ಇಲಿಯನ್ನು ಮುಟ್ಟದೆ, ಕೀಲಿಮಣೆಯೊಂದರಿಂದಲೇ ಸಕಲ ಕೆಲಸವನ್ನೂ ಮಾಡಬಹುದು. ಜಗತ್ತಿನ ಅನೇಕ ಅಂಧ ಸಂಗೀತಗಾರರು ಹೀಗೆ ಮಾಡುತ್ತಿದ್ದಾರೆ. ಲಾಜಿಕ್ಕಿನಲ್ಲಿಯೂ ಇಂಥ ಅನುಕೂಲವಿದೆ.

ಯಾವ ನಾದಶಾಲೆಯೂ ಕೋಣೆಯ ತಪ್ಪನ್ನು ತಿದ್ದಲಾರದು. ಸಿಮೆಂಟಿನ ಬರಿಗೋಡೆಗಳ ನಡುವೆ ಹಾಡಿದರೆ ಮಾರ್ದನಿಯು ಹಾಡಿನೊಳಗೆ ಹೆಣೆದುಕೊಂಡು ಬರುತ್ತದೆ. ಅದನ್ನು ಬಿಡಿಸಿ ತೆಗೆಯುವುದು ಹಾಲಿನಿಂದ ನೀರನ್ನು ಬೇರೆ ಮಾಡಿದಂತೆ. ಇದಕ್ಕೆ ನಗರದವರು ದುಬಾರಿ ಹಲಗೆಗಳನ್ನು ಗೋಡೆಗೆ ಹೊಡೆಯುತ್ತಾರೆ. ಸಂತೆಕಲ್ಲೂರಿನ ಸೀಮೆಯಲ್ಲಿ ಮಣ್ಣಿನ ದಪ್ಪಗೋಡೆಯ ಮಾಳಿಗೆಮನೆಗಳಿವೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಗಳಿವೆ. ನಾಲ್ಕು ಕೌದಿಗಳನ್ನು ಹಗ್ಗದ ಮೇಲೆ ಇಳಿಬಿಟ್ಟು ಮೇಳವನ್ನು ನಡುವೆ ಕೂರಿಸಿದರೆ ಮಾರ್ದನಿ ಬಹುಮಟ್ಟಿಗೆ ಅಡಗುತ್ತದೆ. ಫ್ಯಾನನ್ನು ಆರಿಸಬೇಕು. ಆದಕಾರಣ ಬೇಸಗೆಯ ಮಧ್ಯಾಹ್ನ ಬೇಡ; ರಾತ್ರಿಯ ಹೊತ್ತು ಒಳ್ಳೆಯದು. ಭಜನೆಯ ಹೊತ್ತೂ ಅದೇ ಅಲ್ಲವೆ?

ಮುದ್ರಣವಾದ ಮೇಲಿನ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಪ್ರತಿಯೊಂದು ನಾದಶಾಲೆಯೂ ತನ್ನ ಕೆಲಸವನ್ನು ತನ್ನದೇ ಬಗೆಯ ಕಡತದಲ್ಲಿ ಇಡುತ್ತದೆ. ಒಂದರ ಕಡತವನ್ನು ಮತ್ತೊಂದು ಸಾಮಾನ್ಯವಾಗಿ ತೆರೆಯಲಾರದು. ಇಂದಿನ ಸಂಸ್ಥೆ ನಾಳೆ ಮುಚ್ಚಿದರೆ ಹಾಡು ಬೀಗ ಹಾಕಿದ ಮನೆಯೊಳಗೆ ಸಿಕ್ಕಿಕೊಂಡಂತೆ. 1991ರಿಂದ ಬಳಕೆಯಲ್ಲಿರುವ ‘ವೇವ್’ ಎಂಬ ಬಗೆಯ ಕಡತವನ್ನು ಮಾತ್ರ ಹೆಚ್ಚುಕಡಮೆ ಎಲ್ಲ ತಂತ್ರಾಂಶಗಳೂ ಓದುತ್ತವೆ. ಆದುದರಿಂದ ಒಂದೊಂದು ಪಟ್ಟಿಯನ್ನೂ ಒಂದೊಂದು ವೇವ್ ಕಡತವಾ ಗಿ, ಕುಗ್ಗಿಸದೆ, ತೆಗೆದಿಡಬೇಕು. ಆರು ಮೈಕುಗಳ ಹತ್ತು ನಿಮಿಷದ ಹಾಡು ಸುಮಾರು 520 ಮೆಗಾಬೈಟುಗಳಾಗುತ್ತದೆ. ಇಂದಿನ ಅಂಗೈಯಗಲದ ಡಿಸ್ಕಿನಲ್ಲಿ ಅಂಥ ಸಾವಿರ ಹಾಡುಗಳು ಹಿಡಿಯುತ್ತವೆ. ಎಂ.ಪಿ.3 ಪ್ರತಿ ಮೊಬೈಲಿನಲ್ಲಿ ಕೇಳುವುದಕ್ಕೆ ಸಾಕು, ಕಾಯ್ದಿಡುವುದಕ್ಕೆ ಸಾಲದು. ಒಂದು ಪ್ರತಿ ಶಾಲೆಯಲ್ಲಿ, ಒಂದು ಬೇರೊಂದು ಊರಿನಲ್ಲಿ, ಮತ್ತೊಂದು ಹಾಡಿದವರ ಮನೆಯಲ್ಲಿಯೇ ಇರತಕ್ಕದ್ದು.

ಇನ್ನು ಹಾಡು ತೊಡಗುವ ಮುನ್ನ ಮಾಡಬೇಕಾದ ಒಂದು ಕೆಲಸವಿದೆ. ಮುದ್ರಣದ ಗುಂಡಿಯನ್ನು ಒತ್ತಿದ ಮೇಲೆ ಹಾಡುಗಾರನು ತನ್ನ ಹೆಸರು, ತನ್ನ ಊರು, ಪದ ಯಾರದು, ಯಾರಿಂದ ಕಲಿತದ್ದು, ಅಂದಿನ ದಿನಾಂಕ ಯಾವುದು ಎಂಬುದನ್ನು ತನ್ನ ಬಾಯಿಂದಲೇ ಹೇಳಬೇಕು. ಹಿಂದೆ ದನಿಗೂಡಿಸುವವರೂ ದಮ್ಮಡಿಯವನೂ ಒಬ್ಬೊಬ್ಬರಾಗಿ ಹೆಸರು ಹೇಳಬೇಕು. ಇದಕ್ಕೆ ಹಿಡಿಯುವ ಕಾಲ ಅರ್ಧ ನಿಮಿಷ. ಅನಂತರ ಏಕತಾರಿಯನ್ನು ಮೀಟಬಹುದು.